ಬೆಳಗಿನ ಆರು ಗಂಟೆಯನ್ನು ರಾತ್ರಿಯೇ ಬರೆದಿಟ್ಟವರು

ಅಪ್ಪನ ಮಂಚದ ಕಾಲಬದಿಗೆ ಒಂದು ರಟ್ಟು ತೂಗುಹಾಕಿದ್ದರು. ಅದರ ಕ್ಲಿಪ್ಪಿಗೆ ಸಿಕ್ಕಿಸಿದ ಹಾಳೆಯಲ್ಲಿ ನಾಲ್ಕು ಕಾಲಂ: ಹೊತ್ತು, ಮಗ್ಗುಲು, ನೋವು, ಸಹಿ. ಅಂದು ರಾತ್ರಿ ಒಂಬತ್ತೂವರೆಗೆ ಮನೆಗೆ ಹೊರಡುವ ಮುಂಚೆ ಸುಮ್ಮನೆ ಅದನ್ನು ಓದಿದೆ. ಹತ್ತು ಗಂಟೆ, ಎಡ ಮಗ್ಗುಲು, ನೋವು ಸೊನ್ನೆ. ಹನ್ನೆರಡು ಗಂಟೆ, ಬಲ ಮಗ್ಗುಲು, ನೋವು ಸೊನ್ನೆ. ಎರಡು, ನಾಲ್ಕು, ಆರು. ಪ್ರತಿ ಸಾಲಿನ ಕೊನೆಗೂ ಅದೇ ನೀಲಿ ಶಾಯಿಯ ಅದೇ ಸಹಿ. ಗೋಡೆಯ ಗಡಿಯಾರ ನೋಡಿದೆ, ಮತ್ತೆ ಹಾಳೆ ನೋಡಿದೆ. ಇನ್ನೂ ಕಳೆಯದ ರಾತ್ರಿಯೊಂದು ಅಲ್ಲಿ ಬರೆದು ಮುಗಿದಿತ್ತು.

ಆ ಹಾಳೆಯನ್ನು ಓದಲು ನನಗೆ ಹನ್ನೊಂದು ದಿನ ಬೇಕಾಯಿತು. ಹುಬ್ಬಳ್ಳಿ, ಧಾರವಾಡ, ಗದಗದ ಕಡೆ ಯಾರಾದರೂ ಮನೆಯ ಹಿರಿಯರನ್ನು ಕೊನೆಯ ದಿನಗಳ ಆರೈಕೆಗೆಂದು ಇಂಥ ಜಾಗಕ್ಕೆ ಸೇರಿಸುವ ಯೋಚನೆಯಲ್ಲಿದ್ದರೆ ಅವರು ಮೊದಲ ದಿನವೇ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ದೂರು ಕೊಟ್ಟಿದ್ದೇನೆ, ಅದರ ತೀರ್ಮಾನ ಬರಬೇಕು.

ಅಪ್ಪ ಬೆಟಗೇರಿಯ ನೇಕಾರ. ಎಪ್ಪತ್ತಾರು ವಯಸ್ಸು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಬೆನ್ನುಮೂಳೆಗೂ ಬಲತೊಡೆಯ ಮೂಳೆಗೂ ಹರಡಿತ್ತು. ಇನ್ನು ರೋಗವನ್ನು ಬೆನ್ನಟ್ಟುವುದು ಬೇಡ, ನೋವನ್ನು ನೋಡಿಕೊಳ್ಳಿ ಎಂದು ವೈದ್ಯರು ಹೇಳಿದಾಗ ನನಗೆ ಅರ್ಥವಾದದ್ದು ಮೊದಲರ್ಧ ಮಾತ್ರ. ಹುಬ್ಬಳ್ಳಿಯ ನಮ್ಮ ಮನೆ ಎರಡನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ನಾನೂ ಹೆಂಡತಿಯೂ ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಕತ್ತಲಾದ ಮೇಲೆಯೇ ಮರಳುವುದು. ಹಾಗಾಗಿ ಹಾಸ್ಪೈಸ್, ಎಂದರೆ ಗುಣವಾಗದ ರೋಗಿಗಳನ್ನು ಕೊನೆಯವರೆಗೆ ನೋಡಿಕೊಳ್ಳುವ ಜಾಗ, ಹುಡುಕಿದೆ. ನಮ್ಮ ಕಡೆ ಈ ಪದವನ್ನು ಹೇಳಿದರೆ ಹಾಸ್ಪಿಟಲ್ ಎನ್ನಲು ನಾಲಿಗೆ ಹೊರಳಲಿಲ್ಲವೇನೋ ಎಂಬಂತೆ ಜನ ಮುಖ ನೋಡುತ್ತಾರೆ. ರೋಗವನ್ನು ಬಿಟ್ಟು ನೋವನ್ನು ತಗ್ಗಿಸುವ ಈ ಆರೈಕೆಯನ್ನು ಉಪಶಾಮಕ ಆರೈಕೆ ಎಂದರಂತೂ ಇನ್ನೂ ಕಷ್ಟ. ಪದವೇ ಗೊತ್ತಿಲ್ಲದ ಊರಿನಲ್ಲಿ ಅದನ್ನು ಬೋರ್ಡಿನ ಮೇಲೆ ಬರೆಸಿಕೊಳ್ಳಲು ಯಾರ ಅಂಜಿಕೆಯೂ ಬೇಕಿಲ್ಲ.

ಜಾಗ ನೋಡಲು ಹೋದದ್ದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಊರ ಹೊರಗಿನ ಬಡಾವಣೆ, ಮುಂದೆ ತುಳಸಿಕಟ್ಟೆ, ಗೋಡೆಯ ತುಂಬ ವಚನಗಳು, ಮುಖ ಕಾಣುವಂಥ ನೆಲ. ವ್ಯವಸ್ಥಾಪಕರು ಎರಡೂ ಕೈ ಜೋಡಿಸಿ, ನಿಮ್ಮ ತಂದೆ ನಮ್ಮ ತಂದೆ ಇದ್ದ ಹಾಗೆ ಎಂದರು. ಬಚ್ಚಲಿನ ನಲ್ಲಿ ತಿರುಗಿಸಿ ನೋಡಿದೆ, ಬಿಸಿನೀರು ಬಂತು. ಅಡುಗೆಮನೆಗೆ ಹೋಗಿ ಸಾರಿನ ರುಚಿ ನೋಡಿದೆ, ಚೆನ್ನಾಗಿತ್ತು. ಹೆಣ್ಣು ನೋಡಲು ಹೋದವರ ಹಾಗೆ ಉಪ್ಪಿಟ್ಟು ತಿಂದು, ಚಹಾ ಕುಡಿದು, 30,000 ರೂಪಾಯಿ ಠೇವಣಿ ಕಟ್ಟಿ ಬಂದೆವು. ನೋವಿಗೆ ಏನು ಕೊಡುತ್ತೀರಿ ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ. ಗೋಡೆಯ ಮೇಲೆ ಚೌಕಟ್ಟು ಹಾಕಿದ ನೋಂದಣಿ ಪತ್ರವೊಂದಿತ್ತು. ದೂರದಿಂದ ನೋಡಿ ಸಮಾಧಾನಪಟ್ಟೆ. ಆಮೇಲೆ ಹತ್ತಿರ ಹೋಗಿ ಓದಿದಾಗ ಅದು ಉಪನೋಂದಣಾಧಿಕಾರಿ ಕಚೇರಿಯ ಟ್ರಸ್ಟ್ ನೋಂದಣಿ. ಟ್ರಸ್ಟ್ ಯಾರು ಬೇಕಾದರೂ ಮಾಡಬಹುದು. ರೋಗಿಯನ್ನು ಇಟ್ಟುಕೊಂಡು ಇಂಜೆಕ್ಷನ್ ಕೊಡಲು ಬೇಕಾದದ್ದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದ ಅಡಿಯ ನೋಂದಣಿ. ಆ ಪತ್ರವನ್ನೂ ದರಪಟ್ಟಿಯನ್ನೂ ಎಲ್ಲರ ಕಣ್ಣಿಗೆ ಬೀಳುವಂತೆ ಹಾಕಬೇಕು. ಅಲ್ಲಿ ಎರಡೂ ಇರಲಿಲ್ಲ.

ಮೂರನೆಯ ದಿನದಿಂದ ಅಪ್ಪ ನರಳತೊಡಗಿದರು. ಮೂಳೆಯ ನೋವು ಹೇಗಿರುತ್ತದೆಂದರೆ ಹಾಸಿಗೆಯ ಪಕ್ಕ ಯಾರಾದರೂ ಜೋರಾಗಿ ಹೆಜ್ಜೆ ಇಟ್ಟರೂ ಮುಖ ಕಿವುಚುತ್ತಿದ್ದರು. ಮೊದಲು ಪ್ಯಾರಾಸಿಟಮಾಲ್ ಮಾತ್ರೆ ಕೊಟ್ಟರು, ಆಮೇಲೆ ಡೈಕ್ಲೊಫೆನಾಕ್ ಚುಚ್ಚಿದರು, ಆಮೇಲೆ ನಿದ್ದೆಯ ಇಂಜೆಕ್ಷನ್ ಶುರುವಾಯಿತು. ನಿದ್ದೆ ಬಂದರೆ ನೋವು ಹೋಯಿತೆಂದು ಲೆಕ್ಕ. ಆದರೆ ನಿದ್ದೆಯಲ್ಲಿಯೂ ಅವರ ಹುಬ್ಬು ಗಂಟಿಕ್ಕಿಯೇ ಇರುತ್ತಿತ್ತು. ಸಹೋದ್ಯೋಗಿಯೊಬ್ಬರು ಹೇಳಿದರೆಂದು, ತೀವ್ರ ನೋವಿಗೆ ಕೊಡುವ ಮಾರ್ಫಿನ್ ಬಗ್ಗೆ ಕೇಳಿದೆ. ವ್ಯವಸ್ಥಾಪಕರು ದನಿ ತಗ್ಗಿಸಿ, ಅದು ಚಟ ಹತ್ತಿಸುತ್ತದೆ, ಉಸಿರು ನಿಲ್ಲಿಸುತ್ತದೆ, ಪೊಲೀಸರ ಕಾಟ ಬೇರೆ ಎಂದರು. ಎಪ್ಪತ್ತಾರರ ಮುದುಕನಿಗೆ ಕೊನೆಯ ವಾರಗಳಲ್ಲಿ ಚಟದ ಭಯ! ಆ ಕ್ಷಣದಲ್ಲಿ ನಾನು ತಲೆಯಾಡಿಸಿದೆ ಎಂಬುದನ್ನು ನೆನೆದರೆ ಈಗಲೂ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಸಂಗತಿ ಇಷ್ಟು. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದು ನಿಜವಾಗಿಯೂ ಕಷ್ಟವಾಗಿತ್ತು, ಹಲವು ಪರವಾನಗಿಗಳ ಹಿಂದೆ ಅಲೆಯಬೇಕಿತ್ತು. 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿತು. ಈಗ ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ ಅದನ್ನು ಬೀಗದ ಕಪಾಟಿನಲ್ಲಿಟ್ಟು, ಮಾತ್ರೆ ಮಾತ್ರೆಗೂ ಲೆಕ್ಕ ಬರೆದು ರೋಗಿಗೆ ಕೊಡಬಹುದು. ನೋವಿಗೆ ತಕ್ಕಂತೆ ಸಣ್ಣ ಪ್ರಮಾಣದಿಂದ ಏರಿಸುತ್ತ ಹೋದರೆ ಉಸಿರಿಗೆ ಅಪಾಯ ತೀರ ಕಡಿಮೆ. ಕ್ಯಾನ್ಸರಿನ ಕೊನೆಯ ಹಂತದವರನ್ನು ನೋಡಿಕೊಳ್ಳುತ್ತೇವೆ ಎನ್ನುವ ಜಾಗದಲ್ಲಿ ಆ ಕಪಾಟೇ ಇಲ್ಲವೆಂದರೆ ಅದು ಊಟ ಹಾಕುವ ವಸತಿಗೃಹ. ಕಪಾಟು ತೋರಿಸಿ, ಲೆಕ್ಕದ ಪುಸ್ತಕ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಸಾರಿನ ರುಚಿ ನೋಡಿದವನಿಗೆ ಇದನ್ನು ಕೇಳುವ ಹಕ್ಕು ಇರಲಿಲ್ಲವೇ?

ಆರು ದಿನ ಮಲವಿಸರ್ಜನೆ ಆಗಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಅಪ್ಪನ ಹೊಟ್ಟೆಯ ಮೇಲೆ ಕೈ ಇಟ್ಟಾಗ. ಕಲ್ಲಿನಂತಿತ್ತು. ಹಾಳೆಯಲ್ಲಿ ಅದಕ್ಕೊಂದು ಕಾಲಂ ಕೂಡ ಇರಲಿಲ್ಲ. ವೈದ್ಯರು ವಾರಕ್ಕೆರಡು ಸಲ ಬರುತ್ತಾರೆ ಎಂದಿದ್ದರು. ನಾನು ಕಂಡದ್ದು ಒಮ್ಮೆ. ಬಾಗಿಲಲ್ಲಿ ನಿಂತು, ಹೇಗಿದ್ದೀರಿ ಯಜಮಾನರೇ ಎಂದು ಕೇಳಿ, ಉತ್ತರ ಬರುವ ಮೊದಲೇ ಮುಂದಿನ ಕೋಣೆಗೆ ಹೋದರು. ಆದರೆ ಸಲೈನ್ ಬಾಟಲಿ ಮಾತ್ರ ದಿನ ತಪ್ಪದೆ ತೂಗಾಡುತ್ತಿತ್ತು, ಬಾಟಲಿಗಿಷ್ಟು ಎಂದು ಬಿಲ್ಲಿಗೂ ಏರುತ್ತಿತ್ತು. ನೋಡುವವರಿಗೆ ಏನೋ ನಡೆಯುತ್ತಿದೆ ಎಂಬ ಸಮಾಧಾನ. ಕೊನೆಯ ಹಂತದಲ್ಲಿ ಬೇಡದ ನೀರು ಮೈಗೆ ಹೋದರೆ ಕಾಲು ಬಾಯುತ್ತದೆ, ಎದೆಯಲ್ಲಿ ಗೊರಗೊರ ಹೆಚ್ಚುತ್ತದೆ. ಅಪ್ಪನ ಪಾದಗಳು ಬೆರಳಿಟ್ಟರೆ ಕುಳಿ ಬೀಳುವಷ್ಟು ಊದಿದ್ದವು.

ಇನ್ನು ಆ ರಾತ್ರಿ. ಭೇಟಿಯ ಸಮಯ ಎಂಟಕ್ಕೆ ಮುಗಿಯುತ್ತಿತ್ತು. ಅಂದು ಕಚೇರಿಯಲ್ಲಿ ಲೆಕ್ಕ ತಪಾಸಣೆ, ನಾನು ತಲುಪುವಾಗ ಒಂಬತ್ತು. ಕಾವಲುಗಾರನಿಗೆ ಮುಖಪರಿಚಯವಿದ್ದುದರಿಂದ ಒಳಗೆ ಬಿಟ್ಟ. ಹಗಲು ಕಂಡ ಜಾಗ ಅದಾಗಿರಲಿಲ್ಲ. ಎರಡು ಮಹಡಿಗಳಲ್ಲಿ ಹದಿನಾಲ್ಕು ಜನ ಮಲಗಿದ್ದರು: ಕ್ಯಾನ್ಸರಿನವರು, ಪಾರ್ಶ್ವವಾಯುವಿನವರು, ಮಕ್ಕಳು ದೂರದೇಶದಲ್ಲಿದ್ದಾರೆಂದು ಬಂದ ಆರೋಗ್ಯವಂತ ಅಜ್ಜಿಯೊಬ್ಬರು, ಕುಡಿತ ಬಿಡಿಸಲು ತಂದು ಹಾಕಿದ್ದ ನಡುವಯಸ್ಸಿನ ಗಂಡಸೊಬ್ಬ. ಅವರೆಲ್ಲರಿಗೆ ಒಬ್ಬ ಹುಡುಗ. ಇಪ್ಪತ್ತು ದಾಟಿರಲಿಕ್ಕಿಲ್ಲ. ಬೆಳಿಗ್ಗೆ ಎಂಟರಿಂದಲೂ ಅವನೇ ಇದ್ದ. ನರ್ಸ್ ಎಂಬ ಪ್ರಾಣಿ ಇರಲಿಲ್ಲ.

ಹಾಳೆ ನೋಡಿದ ಮೇಲೆ ಮನೆಗೆ ಹೋಗಲಿಲ್ಲ. ಅಪ್ಪನನ್ನು ನಾನೇ ಮಗ್ಗುಲಿಗೆ ಹೊರಳಿಸೋಣವೆಂದು ಬೆನ್ನಿನ ಕೆಳಗೆ ಕೈ ಹಾಕಿದೆ. ಹಾಸಿದ ಬಟ್ಟೆ ಅವರ ಜೊತೆಗೇ ಎದ್ದು ಬಂತು. ಸೊಂಟದ ಕೆಳಗೆ, ಬಾಲಮೂಳೆಯ ಮೇಲೆ, ಒಂದು ರೂಪಾಯಿ ನಾಣ್ಯದಷ್ಟು ಕಪ್ಪು, ಅದರ ಸುತ್ತ ಅಂಗೈ ಅಗಲ ಕೆಂಪು. ಆ ಕೆಂಪಿನ ಮೇಲೆ ಬೆರಳು ಒತ್ತಿ ತೆಗೆದರೆ ಬಿಳಿಚಿಕೊಳ್ಳಬೇಕು. ಬಿಳಿಚದಿದ್ದರೆ ಒಳಗೆ ಮಾಂಸ ಕೆಡಲು ಶುರುವಾಗಿದೆ ಎಂದರ್ಥ. ಬಿಳಿಚಲಿಲ್ಲ. ಮೇಲೆ ಧಾರಾಳವಾಗಿ ಪೌಡರು ಸುರಿದಿದ್ದರು. ಪ್ರತಿ ಸಂಜೆ ಆ ಕೋಣೆಯಲ್ಲಿ ಎರಡೆರಡು ಊದುಬತ್ತಿ ಏಕೆ ಹಚ್ಚುತ್ತಿದ್ದರೆಂದು ಆಗ ತಿಳಿಯಿತು. ಗಾಳಿ ಹಾಸಿಗೆಗೆಂದು ದಿನಕ್ಕೆ 150 ರೂಪಾಯಿ ಬಾಡಿಗೆ ಹಾಕುತ್ತಿದ್ದರು. ಅದರ ಪಂಪಿನ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಸಾಕೆಟ್ಟಿನಲ್ಲಿ ಮೊಬೈಲ್ ಚಾರ್ಜರ್ ಇತ್ತು.

ಒಂದೂವರೆಗೆ ನಿದ್ದೆಯ ಮದ್ದು ಇಳಿದು ಅಪ್ಪ ಕೂಗಿದರು. ಹುಡುಗ ವ್ಯವಸ್ಥಾಪಕರಿಗೆ ಕರೆ ಮಾಡಿದ, ಫೋನ್ ಬಂದ್ ಆಗಿತ್ತು. ವೈದ್ಯರು ಎತ್ತಲಿಲ್ಲ. ನನಗೆ ಇಂಜೆಕ್ಷನ್ ಕೊಡಲು ಬರುವುದಿಲ್ಲ ಸರ್, ಹಗಲಲ್ಲಿ ಅಕ್ಕ ಕೊಡುತ್ತಾರೆ ಎಂದು ಆ ಹುಡುಗ ಅಳುವ ದನಿಯಲ್ಲಿ ಹೇಳಿದ. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಇಬ್ಬರೂ ಸೇರಿ ದಿಂಬುಗಳನ್ನು ಕಾಲಿನ ಕೆಳಗೆ ಇಟ್ಟೆವು, ಒದ್ದೆ ಬಟ್ಟೆಯಿಂದ ತುಟಿ ಒರೆಸಿದೆವು. ಅಪ್ಪನ ಬಲಗೈ ಮಾತ್ರ ಹಾಸಿಗೆಯ ಮೇಲೆ ಒಂದೇ ಲಯದಲ್ಲಿ ಅತ್ತಿತ್ತ ಆಡುತ್ತಿತ್ತು. ಲಾಳಿ ಎಸೆಯುವ ಕೈ. ಹಲ್ಲು ಕಚ್ಚಿಕೊಂಡು ಬೆಳಗಿನವರೆಗೂ ನೇಯ್ದರು. ಆರು ಗಂಟೆಗೆ ಅವರು ಅಂಗಾತ ಮಲಗಿದ್ದರು. ಹಾಳೆಯ ಪ್ರಕಾರ ಎಡ ಮಗ್ಗುಲು, ನೋವು ಸೊನ್ನೆ. ಫೋಟೊ ತೆಗೆದುಕೊಂಡೆ.

ಕರೆದುಕೊಂಡು ಹೋಗುತ್ತೇನೆ ಎಂದಾಗ ವ್ಯವಸ್ಥಾಪಕರ ಜೋಡಿಸಿದ ಕೈ ಬಿಚ್ಚಿತು. ಸ್ವಂತ ಹೊಣೆಯ ಮೇಲೆ ಒಯ್ಯುತ್ತಿದ್ದೇನೆ ಎಂದು ಬರೆಸಿಕೊಂಡರು. ಠೇವಣಿಯಲ್ಲಿ ಮರಳಿದ್ದು 1,150 ರೂಪಾಯಿ. ಬಿಲ್ಲಿನಲ್ಲಿ ಆಧ್ಯಾತ್ಮಿಕ ಸೇವೆ ಎಂದು ದಿನಕ್ಕೆ 50 ರೂಪಾಯಿ ಇತ್ತು. ಏನೆಂದು ಕೇಳಿದರೆ, ಸಂಜೆಯ ಭಜನೆ! ಸೇರಿಸುವಾಗ ಸಹಿ ಹಾಕಿದ್ದ ಅರ್ಜಿಯನ್ನು ಆಗ ಪೂರ್ತಿ ಓದಿದೆ. ಪರಿಸ್ಥಿತಿ ಗಂಭೀರವಾದರೆ ಸಂಸ್ಥೆ ಸೂಚಿಸುವ ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಸಾಗಿಸಲು ನನ್ನ ಒಪ್ಪಿಗೆ ಇದೆ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ಸಾಯುವವರು ನೆಮ್ಮದಿಯಿಂದ ಸಾಯಲಿ ಎಂದು ಸೇರಿಸುವ ಜಾಗದಿಂದ ವೆಂಟಿಲೇಟರಿಗೆ! ಘನತೆಯಿಂದ ಸಾಯುವುದು ಬದುಕುವ ಹಕ್ಕಿನದೇ ಭಾಗ ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿದೆ. ಬೇಡದ ಚಿಕಿತ್ಸೆಯನ್ನು ಮೊದಲೇ ಬರೆದಿಟ್ಟು ನಿರಾಕರಿಸುವ ಕ್ರಮವನ್ನು 2023ರಲ್ಲಿ ಸರಳಗೊಳಿಸಿತು. ಅದನ್ನು ಜಾರಿಗೆ ತರಲು ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ಅರ್ಜಿಯಲ್ಲಿ ಇಂಥ ಸಾಲು ಕಂಡರೆ ಹೊಡೆದುಹಾಕಿ ಸಹಿ ಮಾಡಿ. ಒಪ್ಪದಿದ್ದರೆ ಎದ್ದು ಬನ್ನಿ.

ಮಾರ್ಫಿನ್ ಮಾನ್ಯತೆ ಇರುವ ಆಸ್ಪತ್ರೆಯೊಂದು ಸಿಕ್ಕಿದ್ದು ಅದೇ ಮಧ್ಯಾಹ್ನ, ಹುಬ್ಬಳ್ಳಿಯಲ್ಲಿಯೇ. ಇಷ್ಟು ದಿನ ಅದರ ಮುಂದಿನಿಂದಲೇ ಚಿಗರಿ ಬಸ್ಸಿನಲ್ಲಿ ಓಡಾಡಿದ್ದೆ. ಅಲ್ಲಿನ ವೈದ್ಯೆ ಮೊದಲು ಮಾಡಿದ ಕೆಲಸ ಕುರ್ಚಿ ಎಳೆದುಕೊಂಡು ಅಪ್ಪನ ಮುಖದ ಎತ್ತರಕ್ಕೆ ಕೂತದ್ದು. ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟು ಎಂದು ಅವರನ್ನೇ ಕೇಳಿದರು. ಅಪ್ಪ ಒಂಬತ್ತು ಬೆರಳು ತೋರಿಸಿದರು. ಹನ್ನೊಂದು ದಿನ ಸೊನ್ನೆ ಎಂದು ಬರೆದಿದ್ದ ನೋವು ಅದು. ಹೊಟ್ಟೆ ಖಾಲಿ ಮಾಡಿಸಿ, 10 ಮಿಲಿಗ್ರಾಂ ಮಾತ್ರೆಯ ಅರ್ಧವನ್ನು ನಾಲ್ಕು ಗಂಟೆಗೊಮ್ಮೆ ಕೊಡಲು ಹೇಳಿದರು. ನಡುರಾತ್ರಿ ಎಬ್ಬಿಸಬೇಕಾಗದಂತೆ ಮಲಗುವಾಗ ಇಡೀ ಮಾತ್ರೆ. ನಡುವೆ ನೋವು ನುಗ್ಗಿದರೆ ಇನ್ನೊಂದು ಅರ್ಧ, ಹೊತ್ತು ಬರೆದಿಡಬೇಕು. ಮಾರ್ಫಿನ್ ಮಲಬದ್ಧತೆ ಮಾಡಿಯೇ ಮಾಡುತ್ತದೆಂದು ಅದನ್ನು ತಡೆಯುವ ಮಾತ್ರೆಯನ್ನೂ ಮೊದಲ ದಿನವೇ ಶುರು ಮಾಡಿದರು. ತೊಡೆಯ ಮೂಳೆಗೆ ಒಂದೇ ಒಂದು ಸಲ ವಿಕಿರಣ ಕೊಡಿಸಿದರು. ಅಷ್ಟೂ ಮಾರ್ಫಿನ್ ಮಾತ್ರೆಗಳಿಗೆ ಆದ ಖರ್ಚು ಆ ಹಿಂದಿನ ಜಾಗದ ಒಂದು ದಿನದ ಬಾಡಿಗೆಗಿಂತ ಕಡಿಮೆ.

ಮೂರನೆಯ ದಿನ ಅಪ್ಪ ಮೂರು ಬೆರಳು ತೋರಿಸಿ, ಜೋಳದ ಅಂಬಲಿ ಕೇಳಿ, ಕುಡಿದು, ತೀರ ತೆಳ್ಳಗಾಯಿತೆಂದು ಗೊಣಗಿದರು. ಬೆಟಗೇರಿಯ ಮನೆಗೆ ಕರೆದೊಯ್ದೆವು. ಎರಡು ಗಂಟೆಗೊಮ್ಮೆ ಹೊರಳಿಸುವುದನ್ನು, ಹುಣ್ಣು ತೊಳೆಯುವುದನ್ನು ನರ್ಸ್ ಒಬ್ಬರು ನನ್ನ ಅಕ್ಕನಿಗೆ ಕಲಿಸಿಕೊಟ್ಟರು. ಅಪ್ಪ ಅಲ್ಲಿ ಇಪ್ಪತ್ಮೂರು ದಿನ ಇದ್ದರು.

ಹಣ ಪಡೆಯುವ ಜಾಗಗಳೆಲ್ಲ ಕೆಟ್ಟವು ಎಂದು ಹೇಳುತ್ತಿಲ್ಲ. ಬೆಂಗಳೂರಿನ ಕರುಣಾಶ್ರಯದಂತೆ ರೋಗಿಗಳಿಂದ ಬಿಡಿಗಾಸೂ ಪಡೆಯದೆ ನಡೆಯುವ ಕಡೆಗಳು ವಿರಳ, ಎಲ್ಲರೂ ಅಷ್ಟು ದೂರ ಹೋಗುವುದೂ ಆಗದು. ನೀವು ನೋಡಲು ಹೋಗುವ ಜಾಗಕ್ಕೆ ಹಗಲೊಮ್ಮೆ ಹೋದರೆ ಹೇಳದೆ ಕೇಳದೆ ರಾತ್ರಿಯೂ ಒಮ್ಮೆ ಹೋಗಿ. ಎಚ್ಚರವಿರುವವರು ಯಾರು, ಅವರಿಗೆ ಇಂಜೆಕ್ಷನ್ ಕೊಡಲು ಬರುತ್ತದೆಯೇ, ನರ್ಸಿಂಗ್ ನೋಂದಣಿ ಇದೆಯೇ ಎಂದು ಕೇಳಿ. ಮಲಗಿರುವವರ ಹಿಮ್ಮಡಿ, ತುಟಿ ನೋಡಿ. ಒಡೆದು ಒಣಗಿದ ತುಟಿ ಇಡೀ ಕಥೆ ಹೇಳುತ್ತದೆ. ಕಳೆದ ತಿಂಗಳು ಇಲ್ಲಿ ತೀರಿಕೊಂಡವರ ಕೊನೆಯ ದಿನ ಹೇಗಿತ್ತು ಎಂದು ಕೇಳಿ. ಗೊತ್ತಿರುವವರು ಹಿಂಜರಿಯದೆ ಹೇಳುತ್ತಾರೆ. ನಮ್ಮ ವ್ಯವಸ್ಥಾಪಕರನ್ನು ಆಮೇಲೆ ಕೇಳಿದಾಗ, ನಮ್ಮಲ್ಲಿ ಯಾರೂ ಸಾಯುವುದೇ ಇಲ್ಲ ಸರ್ ಎಂದಿದ್ದರು. ನಿಜವೇ ಇರಬೇಕು. ಎಲ್ಲರನ್ನೂ ಆಂಬುಲೆನ್ಸ್ ಹತ್ತಿಸಿರುತ್ತಾರೆ.

ಖಾಸಗಿ ವೈದ್ಯಕೀಯ ಸಂಸ್ಥೆಗಳ ಮೇಲಿನ ದೂರು ಹೋಗಬೇಕಾದದ್ದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ. ಜಿಲ್ಲಾ ಆರೋಗ್ಯಾಧಿಕಾರಿ ಅದರ ಸದಸ್ಯ ಕಾರ್ಯದರ್ಶಿ. ನೋಂದಣಿಯೇ ಇಲ್ಲದ ಜಾಗದ ಮೇಲೂ ಅಲ್ಲಿಯೇ ಕೊಟ್ಟೆ. ಬಿಲ್ಲಿನ ಪ್ರತಿ, ಒಪ್ಪಿಗೆ ಪತ್ರದ ಪ್ರತಿ, ಹಾಳೆಯ ಫೋಟೊ ಲಗತ್ತಿಸಿದ್ದೇನೆ. ಸ್ವೀಕೃತಿ ಕೊಡುವಾಗ ಗುಮಾಸ್ತರು ಫೋಟೊ ನೋಡಿ, ಇದರಲ್ಲಿ ತಪ್ಪೇನಿದೆ, ಎಲ್ಲ ಸರಿಯಾಗಿ ತುಂಬಿದ್ದಾರಲ್ಲ ಎಂದರು. ಫೋಟೊದ ಕೆಳಗೆ ಅದನ್ನು ತೆಗೆದ ಹೊತ್ತು ಬರೆದು, ನಾನು ತೆಗೆದ ಇನ್ನೊಂದು ಫೋಟೊವನ್ನೂ ಅದರ ಪಕ್ಕಕ್ಕೆ ಅಂಟಿಸಿ ಕೊಟ್ಟೆ: ಬೆಳಗಿನ ಆರು ಗಂಟೆ, ಅಪ್ಪ ಅಂಗಾತ, ಕೈ ಅರ್ಧ ಎತ್ತಿದ ಹಾಗೆ.