ಬ್ರಿಗಿಟ್ ಸೋಜೆ ವಿನಿಮಯ ಕಾರ್ಯಕ್ರಮ: ಫ್ರೆಂಚ್ ಮನೆಯಲ್ಲಿ ಮೂರು ತಿಂಗಳು

ಜರ್ಮನಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ಹೈಸ್ಕೂಲಿನಲ್ಲಿ ಫ್ರೆಂಚ್ ಕಲಿಯುತ್ತಿದ್ದರೆ, ಬ್ರಿಗಿಟ್ ಸೋಜೆ ವಿನಿಮಯ ಕಾರ್ಯಕ್ರಮವನ್ನು ತಂದೆತಾಯಂದಿರು ಅವಶ್ಯವಾಗಿ ಪರಿಶೀಲಿಸಬೇಕು. ಫ್ರೈಬರ್ಗಿನಲ್ಲಿ ಓದುತ್ತಿರುವ ನಮ್ಮ ಮಗಳು ಇದರ ಮೂಲಕ ಫ್ರಾನ್ಸಿನ ಬೆಜಾಂಸೋನ್ ನಗರದ ಒಂದು ಕುಟುಂಬದಲ್ಲಿದ್ದು ಬಂದಳು. ಅದಕ್ಕೂ ಮೊದಲು ಆ ಮನೆಯ ಹುಡುಗಿ ನಮ್ಮಲ್ಲಿದ್ದು ಹೋಗಿದ್ದಳು.

ಫ್ರಾನ್ಸ್ ಮತ್ತು ಜರ್ಮನಿ ಮಾಡಿಕೊಂಡ 1963ರ ಎಲಿಸೇ ಒಪ್ಪಂದದಿಂದ ಹುಟ್ಟಿದ ಫ್ರೆಂಚ್-ಜರ್ಮನ್ ಯುವಜನ ಕಚೇರಿ ಇದನ್ನು ನಡೆಸುತ್ತದೆ. ಫ್ರೆಂಚ್ ಅಧ್ಯಕ್ಷರಿಗೆ ದುಭಾಷಿಯಾಗಿದ್ದು, ಮುಂದೆ ಜರ್ಮನ್ ಚಾನ್ಸೆಲರ್ ಶ್ರೋಡರ್ ಅವರ ಸಲಹೆಗಾರ್ತಿಯಾದ ಬ್ರಿಗಿಟ್ ಸೋಜೆ ಅವರ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಖಾಸಗಿ ಏಜೆನ್ಸಿಗಳಂತೆ ಇಲ್ಲಿ ದುಬಾರಿ ಶುಲ್ಕವಿಲ್ಲ, ಆತಿಥೇಯರಿಗೆ ಹಣ ಕೊಡುವ ಕ್ರಮವೂ ಇಲ್ಲ. ಅವರ ಮಗುವನ್ನು ನಾವು ನೋಡಿಕೊಳ್ಳುತ್ತೇವೆ, ನಮ್ಮ ಮಗುವನ್ನು ಅವರು ನೋಡಿಕೊಳ್ಳುತ್ತಾರೆ. ಹಣ ಪಡೆದು ಕೋಣೆ ಕೊಟ್ಟವರು ತೋರುವ ಸೌಜನ್ಯಕ್ಕೂ, ತಮ್ಮ ಮಗಳನ್ನೂ ನಮ್ಮ ಮನೆಗೆ ಕಳುಹಿಸುವವರು ತೋರುವ ಅಕ್ಕರೆಗೂ ಬಹಳ ವ್ಯತ್ಯಾಸವಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಭಾಷೆಯ ನಿಜವಾದ ಪಾಠ ನಡೆಯುವುದು ರಾತ್ರಿಯ ಊಟದ ಮೇಜಿನಲ್ಲಿ. ಫ್ರೆಂಚ್ ಮನೆಗಳಲ್ಲಿ ಎಲ್ಲರೂ ಒಟ್ಟಿಗೆ ಕುಳಿತು, ಅವಸರವಿಲ್ಲದೆ, ಒಬ್ಬರ ಮಾತಿನ ನಡುವೆ ಇನ್ನೊಬ್ಬರು ಬಾಯಿ ಹಾಕುತ್ತಾ ಉಣ್ಣುತ್ತಾರೆ. ಮೊದಮೊದಲು ಮಗಳು ಒಂದು ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿ ಮುಗಿಸುವಷ್ಟರಲ್ಲಿ ಮಾತು ಬೇರೆಲ್ಲಿಗೋ ಹೋಗಿರುತ್ತಿತ್ತು. ಅವಳ ನಾಲಿಗೆಯನ್ನು ಸಡಿಲಿಸಿದ್ದು ಆ ಮನೆಯ ಅಜ್ಜಿ. ಬುಧವಾರ ಮಧ್ಯಾಹ್ನ ಶಾಲೆಗೆ ಬಿಡುವಿರುತ್ತಿದ್ದುದರಿಂದ ಇಬ್ಬರೂ ಅಡುಗೆಮನೆಯಲ್ಲಿ ಹಸಿ ಬಟಾಣಿ ಬಿಡಿಸುತ್ತಾ ಕುಳಿತಿರುತ್ತಿದ್ದರಂತೆ. ಅಜ್ಜಿ ನಿಧಾನವಾಗಿ ಮಾತನಾಡುವುದು, ಇವಳು ತಪ್ಪಾದರೂ ಉತ್ತರ ಕೊಡುವುದು ಹೀಗೆಯೇ ರೂಢಿಯಾಯಿತು. ಎರಡು ವಾರಗಳ ಶಾಲಾ ಪ್ರವಾಸದಲ್ಲಿ ಈ ಸಲುಗೆ ಬೆಳೆಯಲು ಅವಕಾಶವೇ ಇರುವುದಿಲ್ಲ.

ಸಸ್ಯಾಹಾರಿಗಳು ಊಟದ ವಿಷಯವನ್ನು ಮೊದಲೇ ಬಿಡಿಸಿ ಹೇಳಬೇಕು. 2018ರ ಕಾನೂನಿನ ನಂತರ ಫ್ರಾನ್ಸಿನ ಶಾಲಾ ಕ್ಯಾಂಟೀನುಗಳಲ್ಲಿ ವಾರಕ್ಕೊಮ್ಮೆ ಸಸ್ಯಾಹಾರಿ ಊಟ ಕಡ್ಡಾಯವಾಗಿದೆಯಾದರೂ, ಅದರಲ್ಲಿ ಮೊಟ್ಟೆ ಇರಬಹುದು, ಉಳಿದ ದಿನಗಳ ಖಾತರಿಯೂ ಇಲ್ಲ. ಆ ಸೀಮೆಯ ಹೆಮ್ಮೆಯಾದ ಕೋಂತೆ ಚೀಸಿಗೆ ಕರುವಿನ ಜಠರದಿಂದ ತೆಗೆದ ಹೆಪ್ಪನ್ನು ಬಳಸುತ್ತಾರೆ. ಕಟ್ಟುನಿಟ್ಟಾಗಿ ಇರುವವರಿಗೆ ಇದು ತಿಳಿದಿರಲಿ.

ಶಾಲೆಯ ದಿನ ಜರ್ಮನಿಗಿಂತ ಉದ್ದ, ಸಂಜೆ ಐದು ಆರರವರೆಗೂ ತರಗತಿಗಳಿರುತ್ತವೆ. ಅಂಕಗಳು 20ಕ್ಕೆ, ಅಲ್ಲಿ 14 ಬಂದರೆ ಸಂತೋಷಪಡಬೇಕು.

ನಮ್ಮಂಥವರು ಹೆಚ್ಚು ಯೋಚಿಸಬೇಕಾದದ್ದು ಮಗು ಹೋಗುವುದರ ಬಗ್ಗೆಯಲ್ಲ, ಅತಿಥಿ ಬರುವುದರ ಬಗ್ಗೆ. ಆ ಹುಡುಗಿ ಬರುವುದು ಜರ್ಮನ್ ಕಲಿಯಲು. ನಮ್ಮ ಮನೆಯ ಮಾತು ಕನ್ನಡ. ಇದನ್ನು ಮೊದಲ ಪತ್ರದಲ್ಲಿಯೇ ತಿಳಿಸಿ, ಅವರ ಒಪ್ಪಿಗೆ ಪಡೆದು, ಅವಳು ಎದುರಿಗಿದ್ದಾಗಲೆಲ್ಲ ಜರ್ಮನ್ ಮಾತನಾಡುವುದೆಂದು ಮನೆಯವರೆಲ್ಲ ನಿಶ್ಚಯಿಸಿಕೊಂಡೆವು. ಅವಳ ಜರ್ಮನ್ ಚೆನ್ನಾಗಿಯೇ ಸುಧಾರಿಸಿತು. ಜೊತೆಗೆ ಸಾರು ಅನ್ನವನ್ನು ಕೈಯಲ್ಲಿ ಕಲಸಿ ಉಣ್ಣುವುದನ್ನೂ ಕಲಿತಳು. ಇಂಥ ಶಿಸ್ತು ಪಾಲಿಸಲು ಆಗದ ಮನೆಯವರು ಇದಕ್ಕೆ ಕೈಹಾಕದಿರುವುದು ಒಳ್ಳೆಯದು, ಏಕೆಂದರೆ ಇನ್ನೊಬ್ಬರ ಮಗುವಿನ ಮೂರು ತಿಂಗಳು ನಮ್ಮ ಕೈಯಲ್ಲಿರುತ್ತದೆ.

ಕೊರತೆಗಳೂ ಇವೆ. ಜೊತೆಗಾರರನ್ನು ಕಚೇರಿಯು ಹುಡುಕಿಕೊಡುವುದಿಲ್ಲ. ಅದರ ಜಾಲತಾಣದ ಜಾಹೀರಾತುಗಳ ಮೂಲಕವೋ ಫ್ರೆಂಚ್ ಶಿಕ್ಷಕರ ಮೂಲಕವೋ ನಾವೇ ಹುಡುಕಬೇಕು. ಮೂರು ತಿಂಗಳಲ್ಲಿ ತಪ್ಪಿದ ಗಣಿತ, ಭೌತಶಾಸ್ತ್ರದ ಪಾಠಗಳನ್ನು ಮಗು ಹಿಂತಿರುಗಿದ ಮೇಲೆ ತಾನೇ ಓದಿಕೊಳ್ಳಬೇಕು. ಕಚೇರಿ ಕೊಡುವ ಸಹಾಯಧನ ಪ್ರಯಾಣಕ್ಕೆ ಮಾತ್ರ. ಕೈಖರ್ಚನ್ನು ನಾವೇ ನೋಡಿಕೊಳ್ಳಬೇಕು.

8ರಿಂದ 11ನೇ ತರಗತಿಯವರೆಗಿನವರಿಗೆ ಅವಕಾಶವಿದೆ. ಮುಂದಿನ ವಸಂತಕ್ಕೆ ಕಳುಹಿಸುವ ಯೋಚನೆಯಿದ್ದರೆ ಈ ಬೇಸಿಗೆ ರಜೆಗೆ ಮೊದಲೇ ಶಿಕ್ಷಕರೊಡನೆ ಮಾತನಾಡಿ, ಎರಡೂ ಶಾಲೆಗಳ ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊಳ್ಳಿ; ಸಹಾಯಧನದ ಅರ್ಜಿಯನ್ನು ಹೊರಡುವ ಮೊದಲೇ ಸಲ್ಲಿಸಿ.