ರಿವ್ಯೂ ಆಯ್ತು ಅಂದವರು ನನ್ನ ಪೇಪರ್ ತೆರೆದೇ ನೋಡಿರಲಿಲ್ಲ! ಇಂಥ ಜರ್ನಲ್‌ಗಳ ಬಗ್ಗೆ ಹುಷಾರು

ಮೊದಲ ಪೇಪರ್ ಪಬ್ಲಿಷ್ ಮಾಡೋಕೆ ಒದ್ದಾಡ್ತಿರೋರು ದಯವಿಟ್ಟು ಪೂರ್ತಿ ಓದಿ. ಹೊಟ್ಟೆ ಉರೀತಿದೆ, ಬರವಣಿಗೆ ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ.

ಜರ್ನಲ್ ನೋಡೋಕೆ ಎಲ್ಲಾ ಸರಿಯಾಗೇ ಇತ್ತು. ಐಎಸ್‌ಎಸ್‌ಎನ್ (ಜರ್ನಲ್‌ನ ಗುರುತಿನ ಸಂಖ್ಯೆ) ಇತ್ತು, ಡಿಒಐ (ಪ್ರತಿ ಪೇಪರ್‌ಗೆ ಕೊಡೋ ಆನ್‌ಲೈನ್ ಗುರುತು) ಇತ್ತು, ಎಡಿಟೋರಿಯಲ್ ಬೋರ್ಡ್‌ನಲ್ಲಿ ದೊಡ್ಡ ದೊಡ್ಡ ಪ್ರೊಫೆಸರ್‌ಗಳ ಫೋಟೋ ಇತ್ತು. ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಪೇಪರ್‌ಗಳನ್ನ ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸ್ತಾರೆ ಅನ್ನೋ ಅಂಕಿ) ಅಂತೂ ಮುಖಪುಟದಲ್ಲೇ ದಪ್ಪ ಅಕ್ಷರದಲ್ಲಿ. ಮಣ್ಣಿನ ಬ್ಯಾಕ್ಟೀರಿಯಾ ಮೇಲೆ ವರ್ಷಗಟ್ಟಲೆ ಮಾಡಿದ ಕೆಲಸ ಕಳಿಸಿದೆ.

ವಾರ ಕಳೆಯೋ ಮೊದಲೇ ಆಕ್ಸೆಪ್ಟ್! ಮಾಮೂಲಿ ಹೇಗೆ ಅಂತ ನಿಮಗೆ ಗೊತ್ತಲ್ಲ, ಎಡಿಟರ್ ಕೈ ದಾಟಿ ರಿವ್ಯೂಗೆ, ಅಂದರೆ ಅದೇ ಕ್ಷೇತ್ರದ ತಜ್ಞರ ಪರಿಶೀಲನೆಗೆ, ಹೋಗೋದೇ ಒಂದು ಸಾಹಸ. ಆಮೇಲೆ ಇಬ್ಬರೋ ಮೂವರೋ ರಿವ್ಯೂವರ್ ಒಪ್ಪಬೇಕು. ಅವರಿಗೆ ಬಹುತೇಕ ಕಡೆ ಬಿಡಿಗಾಸೂ ಸಿಗಲ್ಲ, ತಮ್ಮ ಕೆಲಸದ ಮಧ್ಯೆ ಓದಬೇಕು, ತಿಂಗಳುಗಳೇ ಹಿಡಿಯುತ್ತೆ. ಒಬ್ಬರು ಸರಿ ಅಂದು ಇನ್ನೊಬ್ಬರು ಬೇಡ ಅಂದರೆ ಎಡಿಟರ್ ತಾನೇ ಕೂತು ತೀರ್ಮಾನ ಮಾಡಬೇಕು, ರಿವ್ಯೂವರ್ ಕೊಡೋದು ಸಲಹೆ ಅಷ್ಟೆ. ಇಲ್ಲಿ ಅದ್ಯಾವುದೂ ಇಲ್ಲ. "ಗೌರವಾನ್ವಿತ ಪ್ರೊಫೆಸರ್, ಅಭಿನಂದನೆಗಳು" (ನಾನಿನ್ನೂ ಪಿಎಚ್‌ಡಿ ಮುಗಿಸಿಲ್ಲ ಸ್ವಾಮಿ), ಕೆಳಗೆ ಇನ್‌ವಾಯ್ಸ್, ಜೊತೆಗೆ ಕಾಪಿರೈಟ್ ಫಾರ್ಮ್. ಇವತ್ತೇ ಸಹಿ ಆಗಬೇಕಂತೆ. ಲ್ಯಾಬ್‌ನಲ್ಲೆಲ್ಲ ಖುಷಿ ಹಂಚಿಯಾಗಿತ್ತು, ಸಹಿ ಮಾಡಿ ಕಳಿಸಿದೆ.

ರಿವ್ಯೂ ರಿಪೋರ್ಟ್ ಎಲ್ಲಿ ಅಂತ ಗೈಡ್ ಮೇಡಂ ಕೇಳಿದರು. ತರಿಸಿದೆ. ಮೊದಲನೇ ರಿವ್ಯೂವರ್: "ಪೇಪರ್ ಚೆನ್ನಾಗಿದೆ. ಭಾಷೆ ಸ್ವಲ್ಪ ತಿದ್ದಿ." ಎರಡನೆಯವರು: "ರೋಗಿಗಳ ಸಂಖ್ಯೆ ಸಾಕಷ್ಟಿದೆ. ಅವರಿಂದ ಒಪ್ಪಿಗೆ ಪತ್ರ ಪಡೆದಿದ್ದನ್ನು ಒಂದು ಸಾಲಿನಲ್ಲಿ ಸೇರಿಸಿ."

ರೋಗಿಗಳು! ಮಣ್ಣಿನ ಪೇಪರ್‌ನಲ್ಲಿ ರೋಗಿಗಳು! ಮೇಡಂ ಓದಿ, ಕನ್ನಡಕ ತೆಗೆದು, ಏನೂ ಹೇಳದೆ ನನ್ನ ಮುಖ ನೋಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಇದು ಯಾರ ರಿವ್ಯೂ ಅಂತ ಬರೆದೆ. ಉತ್ತರ: "ನಮ್ಮ ರಿವ್ಯೂವರ್‌ಗಳು ಅಂತರರಾಷ್ಟ್ರೀಯ ತಜ್ಞರು. ಪಾವತಿ ವಿವರ ಕಳಿಸಿ." ಸರಿ, ತೀರ್ಮಾನ ಮಾಡಿದ ಎಡಿಟರ್ ಯಾರು? "ಎಡಿಟರ್ ಹೆಸರು ಗೌಪ್ಯ. ಇಂದೇ ಪಾವತಿಸಿದರೆ ರಿಯಾಯಿತಿ ಇದೆ." ರಿವ್ಯೂವರ್ ಹೆಸರು ಗೌಪ್ಯ ಅಂದರೆ ಒಪ್ಪೋಣ. ಎಡಿಟರ್ ಹೆಸರೂ ಗೌಪ್ಯವೇ? ವಿಜ್ಞಾನದ ಪ್ರಶ್ನೆ ಕೇಳಿದರೂ ದುಡ್ಡಿನ ಉತ್ತರ, ಏನು ಕೇಳಿದರೂ ದುಡ್ಡಿನ ಉತ್ತರ.

ಪೇಪರ್ ವಾಪಸ್ ತಗೋತೀನಿ ಅಂದಾಗ ಬಣ್ಣ ಪೂರ್ತಿ ಬಯಲಾಯ್ತು. "ರಿವ್ಯೂ ಪೂರ್ಣಗೊಂಡಿರುವುದರಿಂದ ವಿತ್‌ಡ್ರಾವಲ್ ಶುಲ್ಕ ಅನ್ವಯಿಸುತ್ತದೆ." ಹಾಕೋಕೂ ದುಡ್ಡು, ಹಾಕದೇ ಇರೋಕೂ ದುಡ್ಡು! ಕೊಡಲ್ಲ ಅಂದೆ. ಮಾರನೇ ದಿನ ನೋಡಿದರೆ ಪೇಪರ್ ಅವರ ಸೈಟ್‌ನಲ್ಲಿ, ಮೇಡಂ ಹೆಸರು ತಪ್ಪು ಸ್ಪೆಲಿಂಗ್‌ನಲ್ಲಿ. ಇನ್ನು ಬೇರೆ ಜರ್ನಲ್‌ಗೆ ಕಳಿಸಿದರೆ ಸಾಫ್ಟ್‌ವೇರ್ ಹಿಡಿಯುತ್ತೆ, ಮೊದಲೇ ಪ್ರಕಟವಾಗಿದೆ ಅಂತ ಎಡಿಟರ್ ಅಲ್ಲೇ ತಳ್ಳಿಹಾಕ್ತಾರೆ. ಇದೆಲ್ಲ ಗೊತ್ತಿದ್ದೇ ಮಾಡೋದು ಇವರು. ಗೊತ್ತಿದ್ದೇ!

ಬೋರ್ಡ್‌ನಲ್ಲಿದ್ದ ಒಬ್ಬ ಪ್ರೊಫೆಸರ್‌ಗೆ ಮೇಲ್ ಹಾಕಿದೆ. "ನನ್ನನ್ನು ಯಾರೂ ಕೇಳಿಲ್ಲ. ಹೆಸರು ತೆಗೀರಿ ಅಂತ ಬರೆದು ಬರೆದು ನನಗೇ ಸಾಕಾಗಿದೆ" ಅಂದರು ಪಾಪ. 2017ರಲ್ಲಿ 'ನೇಚರ್'ನಲ್ಲಿ ಬಂದ ಒಂದು ತನಿಖೆ ಕಣ್ಣಿಗೆ ಬಿದ್ದಿದ್ದು ಆಮೇಲೆ: ಅಸ್ತಿತ್ವದಲ್ಲೇ ಇಲ್ಲದ ವಿಜ್ಞಾನಿಯೊಬ್ಬರ ಹೆಸರಲ್ಲಿ 360 ಜರ್ನಲ್‌ಗಳಿಗೆ ಎಡಿಟರ್ ಆಗ್ತೀನಿ ಅಂತ ಅರ್ಜಿ ಹಾಕಿದರೆ 48 ಜರ್ನಲ್‌ಗಳು ಒಪ್ಪಿಕೊಂಡಿದ್ದವಂತೆ. ಅದಕ್ಕೂ ಮೊದಲು, 2013ರಲ್ಲಿ, ಪತ್ರಕರ್ತ ಜಾನ್ ಬೊಹಾನನ್ ಬೇಕಂತಲೇ ತಪ್ಪು ತುಂಬಿದ ನಕಲಿ ಪೇಪರನ್ನು 304 ಓಪನ್ ಆಕ್ಸೆಸ್ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದ) ಜರ್ನಲ್‌ಗಳಿಗೆ ಕಳಿಸಿದ್ದರು. 157 ಕಡೆ ಆಕ್ಸೆಪ್ಟ್! ಅದರಲ್ಲಿ ಹೆಸರುವಾಸಿ ಪ್ರಕಾಶಕರ ಜರ್ನಲ್‌ಗಳೂ ಇದ್ದವು.

ಐಎಸ್‌ಎಸ್‌ಎನ್ ನೋಡಿ ನಂಬಬೇಡಿ, ಅದು ಬರೀ ಗುರುತಿನ ಸಂಖ್ಯೆ. ಇಂಪ್ಯಾಕ್ಟ್ ಫ್ಯಾಕ್ಟರನ್ನ ಅದನ್ನ ಲೆಕ್ಕ ಹಾಕೋ ಕ್ಲಾರಿವೇಟ್ ಕಂಪನಿಯವರ ಪಟ್ಟಿಯಲ್ಲೇ ನೋಡಿ, ಇವರ ಮುಖಪುಟದಲ್ಲಲ್ಲ. ಕೋಪ್ (COPE, ಪ್ರಕಾಶನದ ನೈತಿಕತೆ ನೋಡಿಕೊಳ್ಳೋ ಸಂಸ್ಥೆ) ಲೋಗೋ ಯಾರು ಬೇಕಾದರೂ ಅಂಟಿಸಿಕೊಳ್ಳಬಹುದು, ಕೋಪ್‌ನ ಸದಸ್ಯರ ಪಟ್ಟಿಯಲ್ಲಿ ಹುಡುಕಿ. ಬೋರ್ಡ್‌ನಲ್ಲಿರೋ ಒಬ್ಬರಿಗಾದರೂ ಮೊದಲೇ ಮೇಲ್ ಹಾಕಿ. ರಿವ್ಯೂ ರಿಪೋರ್ಟ್ ಕಣ್ಣಾರೆ ಓದೋ ತನಕ ಕಾಪಿರೈಟ್ ಫಾರ್ಮ್‌ಗೆ ಸಹಿ ಹಾಕಲೇಬೇಡಿ. ಶುಲ್ಕ ತಗೊಳ್ಳೋ ಒಳ್ಳೆ ಜರ್ನಲ್‌ಗಳೂ ಇವೆ, ಆದರೆ ಅಲ್ಲಿ ಎಡಿಟರ್ ಚೌಕಾಸಿಗೆ ಇಳಿಯಲ್ಲ.

ಅಂದಹಾಗೆ ಮೊನ್ನೆ ಅವರಿಂದ ಇನ್ನೊಂದು ಮೇಲ್: "ತಮ್ಮ ಪಾಂಡಿತ್ಯವನ್ನು ಗಮನಿಸಿ ತಮ್ಮನ್ನು ಎಡಿಟೋರಿಯಲ್ ಬೋರ್ಡ್‌ಗೆ ಆಹ್ವಾನಿಸುತ್ತಿದ್ದೇವೆ." ಇನ್‌ವಾಯ್ಸ್ ಬಾಕಿ ಇದೆ ಅಂತ ಕೆಳಗೇ ಬರೆದಿದ್ದಾರೆ.

ಇಂಥ ಕಡೆಯಿಂದ ದುಡ್ಡು ಕೊಡದೆ ಪೇಪರ್ ತೆಗೆಸಿದವರು ಯಾರಾದರೂ ಇದ್ದರೆ ಹೇಗೆ ಅಂತ ತಿಳಿಸಿ, ತುರ್ತಾಗಿ ಬೇಕು.