ಬೆಳಗಿನ ಐದು ಗಂಟೆಯ ಬಾಸ್ಕೆಟ್‌ಬಾಲ್: ಲೀಗ್ ಪಾಸ್ ತಗೊಂಡ ಮೇಲೆ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಂದ್ಯಗಳನ್ನು ಇಂಟರ್ನೆಟ್‌ನಲ್ಲಿ ತೋರಿಸುವ ‘ಲೀಗ್ ಪಾಸ್’ಗೆ ದುಡ್ಡು ಕಟ್ಟಬಹುದಾ ಅಂತ ಪರಿಚಯದ ಕೋಚ್‌ಗಳು ನನ್ನನ್ನು ಕೇಳುತ್ತಿರುತ್ತಾರೆ. ಕಟ್ಟಿ ಅಂತಲೇ ಹೇಳುತ್ತೇನೆ. ಯಾಕೆ ಅಂತ ಹೇಳಬೇಕಾದರೆ 2021-22ರ ಸೀಸನ್ನಿಂದ ಶುರು ಮಾಡಬೇಕು. ನಾನು ಮೊದಲ ಸಲ ತಗೊಂಡಿದ್ದು ಆಗಲೇ.

ನಾನು ಕುಶಾಲನಗರದಲ್ಲಿ ಇಪ್ಪತ್ತೆರಡು ವರ್ಷ ಪಿ.ಟಿ. ಟೀಚರ್ ಆಗಿದ್ದವಳು. ಕೊಡಗಿನಲ್ಲಿ ಮಕ್ಕಳ ಕೈಗೆ ಮೊದಲು ಸಿಗುವುದು ಹಾಕಿ ಸ್ಟಿಕ್. ಆದರೂ ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಮಕ್ಕಳಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಆಗ ಅವರಲ್ಲಿ ಮೂವರು ಹೊಳೆಯಾಚೆ ಬೈಲುಕುಪ್ಪೆಯಿಂದ ಸೈಕಲ್‌ನಲ್ಲಿ ಬರುತ್ತಿದ್ದ ಟಿಬೆಟಿಯನ್ ಹುಡುಗರು. 1960ರ ದಶಕದ ಶುರುವಿನಲ್ಲಿ ಆಗಿನ ಮೈಸೂರು ಸರ್ಕಾರ ಕೊಟ್ಟ ಜಾಗದಲ್ಲಿ ಕಾಡು ಕಡಿದು ಮನೆ ಕಟ್ಟಿದವರ ಮೊಮ್ಮಕ್ಕಳು. ನನ್ನ ಹತ್ತಿರ ಕನ್ನಡದಲ್ಲೇ ಮಾತಾಡುತ್ತಾರೆ.

ಲೀಗ್ ಪಾಸ್ ತಗೊಂಡಿದ್ದು ಸೆಂಟರ್, ಅಂದರೆ ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರರ ಕಾಲಿನ ಕೆಲಸ ನೋಡೋಕೆ. ಅಕ್ಟೋಬರ್ 20ರ ರಾತ್ರಿ ನ್ಯೂಯಾರ್ಕ್‌ನಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಮತ್ತು ನಿಕ್ಸ್ ಪಂದ್ಯ. ಅಲ್ಲಿ ರಾತ್ರಿ ಏಳೂವರೆ ಅಂದರೆ ನಮಗೆ ಮಾರನೇ ದಿನ ಬೆಳಿಗ್ಗೆ ಐದು. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಅಲ್ಲಿನ ಏಳೂವರೆಯ ಪಂದ್ಯ ನಮಗೆ ಆರು ಗಂಟೆಗೆ ಬರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಅಲಾರಂ ಇಡೋಕೆ ಬೇಕಾಗುತ್ತದೆ. ಹೊರಗೆ ಮಂಜು, ಕೈಯಲ್ಲಿ ಕಾಫಿ, ಎದುರಿಗೆ ಸೆಲ್ಟಿಕ್ಸ್‌ನ ಜೇಲನ್ ಬ್ರೌನ್. ಆ ಹುಡುಗ ಅವತ್ತು 46 ಪಾಯಿಂಟ್ ಹೊಡೆದ. ಪಂದ್ಯ ಎರಡು ಓವರ್‌ಟೈಮ್‌ಗೆ ಹೋಯಿತು. ಎರಡನೆಯದರ ಮಧ್ಯೆ ನಮ್ಮ ಬೀದಿಯ ಕರೆಂಟ್ ಹೋಯಿತು, ಇಂಟರ್ನೆಟ್ಟೂ ಹೋಯಿತು.

ಸ್ಕೋರ್ ಮುಚ್ಚಿಡುವ ಸೆಟ್ಟಿಂಗ್ ಎಷ್ಟು ಒಳ್ಳೆಯದು ಅಂತ ಅವತ್ತೇ ಗೊತ್ತಾಯಿತು. ಹನ್ನೊಂದು ಗಂಟೆಗೆ ಕೂತು, ಬಿಟ್ಟ ಜಾಗದಿಂದ ನೋಡಿದೆ. ಯಾರು ಗೆದ್ದರು ಅಂತ ಆ್ಯಪ್ ಎಲ್ಲೂ ಬಾಯಿ ಬಿಡಲಿಲ್ಲ. ನಿಕ್ಸ್ 138-134ರಿಂದ ಗೆದ್ದಿತ್ತು.

ನಾನು ನೋಡಿ ಮುಗಿಸುವ ಹೊತ್ತಿಗೆ ಬೈಲುಕುಪ್ಪೆಯ ಹುಡುಗರಲ್ಲಿ ಒಬ್ಬನ ಫೋನ್ ಬಂತು. ‘ಟೀಚರ್, ಆ ಶೂ ನೋಡಿದ್ರಾ?’ ಅಂದ. ನನಗೆ ಏನೂ ಗೊತ್ತಿರಲಿಲ್ಲ. ಆಮೇಲೆ ಫೋಟೊ ಕಳಿಸಿದ. ಸೆಲ್ಟಿಕ್ಸ್‌ನ ಸೆಂಟರ್ ಎನೆಸ್ ಕ್ಯಾಂಟರ್ ‘ಫ್ರೀ ಟಿಬೆಟ್’ ಅಂತ ಬರೆದ ಶೂ ಹಾಕಿಕೊಂಡಿದ್ದರು. ಅದರ ಚಿತ್ರ ಬಿಡಿಸಿದ್ದು ಆಸ್ಟ್ರೇಲಿಯಾದಲ್ಲಿರುವ ಚೀನಾ ಮೂಲದ ವ್ಯಂಗ್ಯಚಿತ್ರಕಾರ ಬದಿಯುಕಾವೊ. ಕ್ಯಾಂಟರ್ ಅವತ್ತು ಒಂದು ನಿಮಿಷವೂ ಆಡಲಿಲ್ಲ, ಬೆಂಚ್ ಮೇಲೆ ಕೂತಿದ್ದರು. ಅದೇ ದಿನ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಅವರನ್ನು ಕ್ರೂರ ಸರ್ವಾಧಿಕಾರಿ ಅಂದ ವಿಡಿಯೊ ಒಂದನ್ನೂ ಹಾಕಿದ್ದರು. ಅಷ್ಟಕ್ಕೇ ಚೀನಾದಲ್ಲಿ ಎನ್‌ಬಿಎ ಪಂದ್ಯಗಳನ್ನು ಇಂಟರ್ನೆಟ್‌ನಲ್ಲಿ ತೋರಿಸುತ್ತಿದ್ದ ಟೆನ್ಸೆಂಟ್ ಕಂಪನಿ ಸೆಲ್ಟಿಕ್ಸ್ ಪಂದ್ಯಗಳನ್ನು ತೋರಿಸುವುದನ್ನು ನಿಲ್ಲಿಸಿತು. ಹಳೆಯ ಪಂದ್ಯಗಳೂ ಸಿಗದ ಹಾಗಾಯಿತು.

ಯೋಚಿಸಿ, ಬ್ರೌನ್‌ನ ಆ 46 ಪಾಯಿಂಟ್ ಮತ್ತೆ ನೋಡೋಣ ಅಂದರೆ ಅಲ್ಲಿನ ಮಕ್ಕಳಿಗೆ ಸಿಗಲಿಲ್ಲ. ಅದೇ ಪಂದ್ಯವನ್ನು ನಾನು ಕುಶಾಲನಗರದಲ್ಲಿ ಕೂತು ಮೂರು ಸಲ ನೋಡಿದೆ. ಪಂದ್ಯ ತೋರಿಸುತ್ತೇವೆ ಅಂತ ದುಡ್ಡು ತಗೊಂಡವರು ಪಂದ್ಯ ತೋರಿಸಬೇಕು. ಬೆಂಚ್ ಮೇಲೆ ಕೂತವರ ಕಾಲಲ್ಲಿ ಏನಿದೆ ಅಂತ ನೋಡಿ ತೆಗೆಯಬಾರದು. ಇಂಥ ಸೇವೆಯನ್ನು ನಾನು ಅಳೆಯುವುದು ಮೊದಲು ಇದರಿಂದಲೇ, ವಿಡಿಯೊ ಎಷ್ಟು ಸ್ಪಷ್ಟ ಅನ್ನುವುದು ಆಮೇಲೆ.

ಅವತ್ತಿನಿಂದ ಆ ಸೀಸನ್ನಿನಲ್ಲಿ ಕ್ಯಾಂಟರ್ ಕೋರ್ಟಿಗೆ ಇಳಿದ ಪಂದ್ಯಗಳನ್ನೆಲ್ಲ ಹುಡುಕಿ ನೋಡತೊಡಗಿದೆ. ಅವರ ಕಾಂಟ್ರ್ಯಾಕ್ಟ್ ಏನಾಗುತ್ತದೆ ಅನ್ನುವುದು ಹುಡುಗರ ಚಿಂತೆ. ಅವರು ಹೇಗೆ ಆಡುತ್ತಾರೆ ಅನ್ನುವುದು ನನ್ನ ಚಿಂತೆ. ಎರಡೂ ಕೊನೆಗೆ ಒಂದೇ ಕಡೆ ಬಂದು ನಿಂತವು.

ಕ್ಯಾಂಟರ್ ಟರ್ಕಿಯವರು. ಅಲ್ಲಿನ ಅಧ್ಯಕ್ಷ ಎರ್ದೊವಾನ್ ವಿರುದ್ಧ ಮಾತಾಡುತ್ತಿದ್ದರು. 2017ರಲ್ಲಿ ಟರ್ಕಿ ಅವರ ಪಾಸ್‌ಪೋರ್ಟ್ ರದ್ದು ಮಾಡಿತು, ರೊಮೇನಿಯಾದ ವಿಮಾನ ನಿಲ್ದಾಣದಲ್ಲಿ ಸಿಕ್ಕಿಹಾಕಿಕೊಂಡರು. 2019ರ ಜನವರಿಯಲ್ಲಿ ನಿಕ್ಸ್ ತಂಡ ಲಂಡನ್‌ಗೆ ಹೋದಾಗ ಜೀವಕ್ಕೆ ಅಪಾಯ ಅಂತ ಇವರು ಹೋಗಲಿಲ್ಲ. ಅದೇ ವರ್ಷ ಕ್ರಿಸ್‌ಮಸ್ ದಿನ ಸೆಲ್ಟಿಕ್ಸ್ ಜೊತೆ ಟೊರೊಂಟೊಗೆ ಹೋಗಿ ಆಡಿದರು. ಅಂದರೆ ಇವರನ್ನು ತಗೊಂಡರೆ ಜೊತೆಗೆ ಏನೇನು ಬರುತ್ತದೆ ಅನ್ನುವುದು ಬಾಸ್ಟನ್‌ಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ 2021ರಲ್ಲಿ ಮತ್ತೆ ಒಂದು ವರ್ಷಕ್ಕೆ ಕರೆದರು. ಆದರೆ ಟರ್ಕಿಯ ಲೆಕ್ಕ ಬೇರೆ, ಚೀನಾದ ಲೆಕ್ಕ ಬೇರೆ. 2019ರಲ್ಲಿ ಹ್ಯೂಸ್ಟನ್ ರಾಕೆಟ್ಸ್ ತಂಡದ ಆಗಿನ ಜನರಲ್ ಮ್ಯಾನೇಜರ್ ಡ್ಯಾರಿಲ್ ಮೋರಿ ಹಾಂಗ್‌ಕಾಂಗ್‌ನ ಪ್ರತಿಭಟನಾಕಾರರ ಪರವಾಗಿ ಒಂದು ಟ್ವೀಟ್ ಮಾಡಿದ್ದಕ್ಕೆ ಚೀನಾದ ಸರ್ಕಾರಿ ಟೀವಿ ಒಂದು ವರ್ಷ ಎನ್‌ಬಿಎ ತೋರಿಸಲಿಲ್ಲ. ಚೀನಾದ ಆಟಗಾರ ಯಾವ್ ಮಿಂಗ್ ಆಡಿದ ತಂಡ ಅದು, ಚೀನಾದ ಜನ ತಮ್ಮದೇ ಅಂದುಕೊಂಡಿದ್ದ ತಂಡ. ನಷ್ಟ 40 ಕೋಟಿ ಡಾಲರ್‌ವರೆಗೂ ಹೋಗಬಹುದು ಅಂತ ಲೀಗ್‌ನ ಮುಖ್ಯಸ್ಥ ಆ್ಯಡಮ್ ಸಿಲ್ವರ್ ಅವರೇ ಹೇಳಿದ್ದರು. ಇನ್ನೊಂದು ಕಡೆ ಕನಿಷ್ಠ ಸಂಬಳದ ಒಬ್ಬ ಬದಲಿ ಆಟಗಾರ. ತಕ್ಕಡಿಯಲ್ಲಿ ಇಟ್ಟು ನೋಡಿ.

ಇನ್ನು ಆಟ. ನೋಟ್‌ಬುಕ್ ಇಟ್ಟುಕೊಂಡೇ ನೋಡಿದೆ. ಬೇಕಾದಷ್ಟು ಸಲ ಹಿಂದಕ್ಕೆ ಓಡಿಸಬಹುದು, ನಿಲ್ಲಿಸಬಹುದು. ಕೋಚ್‌ಗೆ ಇದಕ್ಕಿಂತ ಇನ್ನೇನು ಬೇಕು? ರಿಬೌಂಡ್‌ನಲ್ಲಿ, ಅಂದರೆ ಬುಟ್ಟಿಗೆ ಬೀಳದೆ ಪುಟಿದು ಬರುವ ಚೆಂಡು ಹಿಡಿಯುವುದರಲ್ಲಿ, ಕ್ಯಾಂಟರ್ ಗಟ್ಟಿಗರು. ಚೆಂಡು ಎಲ್ಲಿ ಬೀಳುತ್ತದೆ ಅಂತ ಮೊದಲೇ ತಿಳಿದು, ಸೊಂಟದಿಂದ ಎದುರಾಳಿಯನ್ನು ತಡೆದು ಜಾಗ ಹಿಡಿಯುತ್ತಾರೆ. ಅದನ್ನು ನಮ್ಮ ಮಕ್ಕಳಿಗೆ ತೋರಿಸಿದೆ. ಆದರೆ ಡಿಫೆನ್ಸ್‌ನಲ್ಲಿ ಎದುರಿನವರು ಅವರನ್ನೇ ಗುರಿ ಮಾಡುತ್ತಾರೆ. ಪಿಕ್ ಅಂಡ್ ರೋಲ್‌ಗೆ, ಅಂದರೆ ಒಬ್ಬ ಅಡ್ಡ ನಿಂತು ಚೆಂಡು ಇರುವವನಿಗೆ ದಾರಿ ಮಾಡಿಕೊಡುವ ಆಟಕ್ಕೆ, ಎಳೆದರೆ ಹಿಂದೆ ಸರಿಯುತ್ತಾರೆ, ಶೂಟರ್‌ಗೆ ಜಾಗ ಸಿಗುತ್ತದೆ. ಆ ವರ್ಷ ಕೋಚ್ ಇಮೆ ಉಡೋಕಾ ಕಟ್ಟಿದ ಡಿಫೆನ್ಸ್‌ನಲ್ಲಿ ದೊಡ್ಡ ಆಳುಗಳೂ ಬುಟ್ಟಿಯಿಂದ ಹೊರಗೆ ಬಂದು ಗಾರ್ಡ್‌ಗಳ, ಅಂದರೆ ಚುರುಕಾಗಿ ಓಡುವ ಚಿಕ್ಕ ಆಟಗಾರರ ಎದುರು ನಿಲ್ಲಬೇಕಿತ್ತು. ರಾಬರ್ಟ್ ವಿಲಿಯಮ್ಸ್, ಆಲ್ ಹಾರ್ಫರ್ಡ್ ನಿಲ್ಲುತ್ತಿದ್ದರು. ಇವರಿಗೆ ಆಗುತ್ತಿರಲಿಲ್ಲ. 35 ಪಂದ್ಯ, ಪಂದ್ಯಕ್ಕೆ ಸುಮಾರು 12 ನಿಮಿಷ, ಅಷ್ಟೇ ಸಿಕ್ಕಿದ್ದು.

ನವೆಂಬರ್ ಕೊನೆಗೆ ಅವರು ಅಮೆರಿಕದ ಪೌರರಾದರು, ಹೆಸರಿಗೆ ಫ್ರೀಡಂ ಅಂತ ಸೇರಿಸಿಕೊಂಡರು. 2022ರ ಫೆಬ್ರುವರಿ 10ರಂದು ಸೆಲ್ಟಿಕ್ಸ್ ಅವರನ್ನು ಹ್ಯೂಸ್ಟನ್‌ಗೆ ಕೊಟ್ಟಿತು. ಹೌದು, ಅದೇ ಹ್ಯೂಸ್ಟನ್. ಅವರು ತಗೊಂಡವರೇ ಕೈಬಿಟ್ಟರು. ವಯಸ್ಸು ಇನ್ನೂ 29. ಆಮೇಲೆ ಎನ್‌ಬಿಎಯ ಯಾವ ತಂಡವೂ ಕರೆಯಲಿಲ್ಲ.

‘ಟೀಚರ್, ಶೂ ಹಾಕದೇ ಇದ್ದಿದ್ರೆ ಇಟ್ಕೊಳ್ತಿದ್ರಾ?’ ಅಂತ ಹುಡುಗ ಕೇಳಿದ. ನೋಟ್‌ಬುಕ್ ತೆರೆದು ತೋರಿಸಿದೆ. ಬಾಸ್ಟನ್ ಬಿಟ್ಟುಕೊಟ್ಟಿದ್ದಕ್ಕೆ ಆಟದ ಕಾರಣ ಇದೆ ಕಣೋ, ನೀನೇ ನೋಡು ಅಂದೆ. ಬದಲಿಗೆ ಬಂದ ಡೇನಿಯಲ್ ಥೀಸ್ ಆ ಡಿಫೆನ್ಸ್‌ಗೆ ಹೊಂದಿದರು, ತಂಡ ಫೈನಲ್‌ಗೂ ಹೋಯಿತು. ಆದರೆ ಅಷ್ಟು ರಿಬೌಂಡ್ ಹಿಡಿಯುವವರಿಗೆ 30 ತಂಡಗಳಲ್ಲಿ ಒಂದರ ಬೆಂಚ್ ಮೇಲೂ ಜಾಗ ಇಲ್ಲ ಅನ್ನುವುದಕ್ಕೆ ನನ್ನ ನೋಟ್‌ಬುಕ್‌ನಲ್ಲಿ ಕಾರಣ ಸಿಗಲಿಲ್ಲ. ಅದನ್ನೂ ಅವನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ನೆ ಕೂತ.

ತಗೊಳ್ಳುವವರಿಗೆ ಒಂದೆರಡು ಮಾತು. ಬೆಳಿಗ್ಗೆ ಏಳೋಕೆ ಆಗದಿದ್ದರೆ ಚಿಂತೆ ಬೇಡ, ಸ್ಕೋರ್ ಮುಚ್ಚಿಡಿ, ಸಂಜೆ ನೋಡಿ. ಟೈಮ್ ಕಡಿಮೆ ಅಂತ ಚಿಕ್ಕದಾಗಿ ಕತ್ತರಿಸಿದ ಪಂದ್ಯ ಮಾತ್ರ ನೋಡಬೇಡಿ. ಅದರಲ್ಲಿ ಬುಟ್ಟಿಗೆ ಬಿದ್ದ ಚೆಂಡು ಕಾಣುತ್ತದೆ, ಡಿಫೆನ್ಸ್ ಕಾಣುವುದಿಲ್ಲ. ಫೋನ್ ಬದಲು ಟೀವಿಗೆ ಹಾಕಿಕೊಂಡರೆ ಹತ್ತು ಜನರ ಕಾಲೂ ಕಾಣುತ್ತದೆ. ಮಕ್ಕಳಿಗೆ ಕಲಿಸುವವರಾದರೆ ಒಬ್ಬ ಆಟಗಾರನನ್ನು ಹಿಡಿದು ಇಡೀ ಸೀಸನ್ ನೋಡಿ.

ನಾನು ಪ್ರತಿ ವರ್ಷ ಕಟ್ಟುತ್ತಲೇ ಇದ್ದೇನೆ. ಆ ಹುಡುಗ ಈಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ರಜೆಗೆ ಬಂದಾಗ ಚಿಕ್ಕವರಿಗೆ ರಿಬೌಂಡ್ ಹೇಳಿಕೊಡುತ್ತಾನೆ. ಮೊದಲು ಸೊಂಟ, ಆಮೇಲೆ ಕೈ.